ಓಬರ್‌ಮಾಟ್ ಊರಿಗೆ ಒಂದು ಸಾಲು

ಊರುಗಳ ಬಗ್ಗೆ ಬರೆಯುವುದೇ ನನ್ನ ಕೆಲಸವಾಗಿತ್ತು ಎಂದರೆ ಜನ ನನ್ನನ್ನು ಪ್ರವಾಸ ಲೇಖಕಿ ಎಂದುಕೊಳ್ಳುತ್ತಾರೆ. ನಾನು ಬರೆದ ಊರುಗಳಲ್ಲಿ ಬಹುಪಾಲನ್ನು ನಾನು ಕಣ್ಣಿಂದ ನೋಡಿಲ್ಲ. ಕೆನಡಾದ ಮಾರ್ಕಮ್‌ನ ಒಂದು ಆಫೀಸಿನಲ್ಲಿ, ಪಾರ್ಕಿಂಗ್ ಲಾಟಿನ ಕಡೆ ತೆರೆಯುವ ಕಿಟಕಿಯ ಬಳಿ ಕೂತು ಬರೆದೆ. ಶಾಲೆಗಳಿಗೆ ಅಟ್ಲಾಸು, ಗೆಜೆಟಿಯರು ಮಾಡಿಕೊಡುವ ಸಣ್ಣ ಕಂಪನಿ ಅದು. ಗೆಜೆಟಿಯರ್ ಎಂದರೆ ಊರುಗಳ ನಿಘಂಟು. ಪ್ರತಿ ಊರಿಗೂ ಒಂದೆರಡು ಸಾಲು: ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಎಷ್ಟು ಜನ ಇದ್ದಾರೆ, ಅವರು ಏನು ಮಾಡಿಕೊಂಡಿದ್ದಾರೆ.

ಮೊನ್ನೆ ಕನ್ನಡ ಸಂಘದ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ತನಗೆ ಡಿಜಿಟಲ್ ನಕಾಶೆಯ ಕಂಪನಿಯಲ್ಲಿ ಕೆಲಸ ಸಿಕ್ಕಿದೆ ಎಂದಳು. ‘ನಿಮ್ಮ ಟೈಮಲ್ಲಿ ಹೇಗಿತ್ತು ಆಂಟಿ?’ ಎಂದು ಕೇಳಿದಳು. ಅಷ್ಟರಲ್ಲಿ ಪಾಯಸ ಬಂತು, ಆಮೇಲೆ ಭಾಷಣ ಶುರುವಾಯಿತು. ಅವತ್ತು ಹೇಳಲಾಗದ್ದನ್ನು ಅವಳಿಗೂ, ಅವಳಂತೆ ಈ ಕೆಲಸಕ್ಕೆ ಬರುವ ಉಳಿದವರಿಗೂ ಇಲ್ಲಿ ಬರೆಯುತ್ತಿದ್ದೇನೆ.

ನಾವು ಕೆನಡಾಕ್ಕೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ನಮ್ಮ ಮನೆಯವರಿಗೆ ವಿಟ್ಬಿಯ ಹತ್ತಿರ ಇಂಜಿನಿಯರ್ ಕೆಲಸ. ನಾನು ಧಾರವಾಡದಲ್ಲಿ ಭೂಗೋಳದಲ್ಲಿ ಎಂ.ಎ. ಮಾಡಿದ್ದೆ. ಅದನ್ನು ಇಲ್ಲಿ ಯಾರೂ ಕೇಳುವವರಿರಲಿಲ್ಲ. ಒಂದು ವರ್ಷ ಬಟ್ಟೆ ಅಂಗಡಿಯಲ್ಲಿ ಹ್ಯಾಂಗರ್ ಜೋಡಿಸಿದೆ. ಪೇಪರಿನಲ್ಲಿ ‘ಭೂಗೋಳ ಬಲ್ಲ ಸಹಾಯಕ ಸಂಪಾದಕರು ಬೇಕು’ ಎಂಬ ಜಾಹೀರಾತು ನೋಡಿದವರು ನಮ್ಮ ಮನೆಯವರು. ‘ಹೋಗಿ ನೋಡು, ಅವರೇನ್ ನಿನ್ನ ತಿಂತಾರೇನು?’ ಎಂದು ತಾವೇ ಕಾರು ತೆಗೆದರು.

ಸಂದರ್ಶನ ಮಾಡಿದವರು ಮುಖ್ಯ ಸಂಪಾದಕ ಡಗ್ಲಸ್. ಪೂರ್ವ ಕರಾವಳಿಯ ಮೀನುಗಾರರ ಊರಿನಿಂದ ಬಂದ, ಮಾತು ಕಡಿಮೆಯ ಮನುಷ್ಯ. ನನ್ನ ಸರ್ಟಿಫಿಕೇಟುಗಳನ್ನು ನೋಡದೆ ಪಕ್ಕಕ್ಕೆ ಸರಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪಟ್ಟಣದ ಬಗ್ಗೆ ಹೇಳಿ ಎಂದರು. ನಾನು ಗದಗಿನ ಬಗ್ಗೆ ಶುರು ಮಾಡಿದೆ. ಪ್ರಾಚೀನ, ಪವಿತ್ರ, ಸುಂದರ, ಸಂಸ್ಕೃತಿಯ ತವರು, ಹೀಗೆ ಸಾಕಷ್ಟು ಹೇಳಿದೆ. ಅವರು ಕೇಳಿಸಿಕೊಂಡು, ‘ಅದು ಎಲ್ಲಿದೆ ಅನ್ನುವುದು ನನಗೆ ಇನ್ನೂ ಗೊತ್ತಾಗಲಿಲ್ಲ’ ಎಂದರು. ನನಗೆ ಸಿಟ್ಟು ಬಂತು. ಕಪ್ಪು ಮಣ್ಣಿನ ಬಯಲಿನಲ್ಲಿದೆ, ರೈಲು ದಾರಿಗಳು ಕೂಡುವ ಜಾಗ, ಹತ್ತಿ ಮಾರಾಟವಾಗುತ್ತದೆ, ಪುಸ್ತಕ ಅಚ್ಚಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಡಗ್ಲಸ್ ಮೊದಲ ಬಾರಿಗೆ ತಲೆ ಎತ್ತಿ ನೋಡಿದರು. ಸೋಮವಾರದಿಂದ ಬರಬಹುದೇ ಎಂದು ಕೇಳಿದರು.

ನಮ್ಮ ಅಡ್ಡಹೆಸರು ಅಬ್ಬಿಗೇರಿ. ಅದು ಆಫೀಸಿನವರಿಗೆ ಉಚ್ಚರಿಸಲು ಬರಲಿಲ್ಲ, ‘ಆಬಿ’ ಎಂದು ಕರೆದರು. ನಿವೃತ್ತಿಯ ದಿನ ಕೇಕಿನ ಮೇಲೂ ಅದೇ ಇತ್ತು.

ಮೊದಲ ದಿನವೇ ಸ್ವಿಟ್ಜರ್ಲೆಂಡನ್ನು ನನ್ನ ತಲೆಗೆ ಕಟ್ಟಿದರು. ಅದು ಯಾರಿಗೂ ಬೇಡವಾದ ದೇಶವಾಗಿತ್ತು. ದೇಶ ಚಿಕ್ಕದು, ಭಾಷೆ ನಾಲ್ಕು, ಬೆಟ್ಟದ ಸಂದಿಗೊಂದು ಪಂಚಾಯ್ತಿ. ಅಲ್ಲಿಯವರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ, ನಾನು ಮಾತ್ರ ಮನಸ್ಸಿನಲ್ಲಿ ಪಂಚಾಯ್ತಿ ಎಂದೇ ಓದಿಕೊಳ್ಳುತ್ತಿದ್ದೆ. ಒಂದು ಬೀದಿಯಷ್ಟು ಮನೆಗಳಿರುವ ಹಳ್ಳಿಗೂ ಅದರದೇ ಪಂಚಾಯ್ತಿ, ಅದರದೇ ಧ್ವಜ, ಅದರದೇ ಗುಮಾಸ್ತ. ಆ ದೇಶದ ಅಂಕಿಅಂಶಗಳ ಪುಸ್ತಕದಲ್ಲಿ ಪ್ರತಿ ಹಳ್ಳಿಯಲ್ಲೂ ಕಾಡು ಎಷ್ಟು, ಹುಲ್ಲುಗಾವಲು ಎಷ್ಟು, ಮನೆ ಮತ್ತು ರಸ್ತೆ ಎಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ಕೊನೆಗೆ ಬಂಡೆ ಮತ್ತು ಹಿಮ. ಅದಕ್ಕೆ ಅವರಿಟ್ಟ ಹೆಸರು ‘ಉತ್ಪಾದಕವಲ್ಲದ ಭೂಮಿ’.

ನಾನು ಅದನ್ನು ಹಾಗೆಯೇ ಬರೆದು ಕೊಟ್ಟಾಗ ಡಗ್ಲಸ್ ನನ್ನ ಮೇಜಿಗೆ ಬಂದು ನಿಂತರು. ಈ ಹಳ್ಳಿಯ ಕೆಳಗೆ ಹರಿಯುವ ಹೊಳೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಮೇಲಿನ ಹಿಮದಿಂದ ಎಂದೆ. ಹಾಗಾದರೆ ಅದನ್ನು ಉತ್ಪಾದಕವಲ್ಲ ಎನ್ನುವುದು ಹೇಗೆ, ಬಂಡೆ ಮತ್ತು ಹಿಮ ಎಂದು ಬರೆಯಿರಿ ಸಾಕು ಎಂದರು. ನನಗೆ ಭೂಗೋಳದ ಪಾಠ ಹೇಳಿದ ಮೇಷ್ಟ್ರುಗಳು ಹಲವರು. ಈ ಒಂದು ಮಾತಿನಷ್ಟು ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

ಆಗ ಕೆಲಸ ನಿಧಾನ. ಗೋಡೆಯುದ್ದಕ್ಕೂ ಚಪ್ಪಟೆ ಡ್ರಾಯರುಗಳು, ಅವುಗಳಲ್ಲಿ ಮಡಿಸದೆ ಇಟ್ಟ ನಕಾಶೆಗಳು. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳನ್ನು ಭೂತಗನ್ನಡಿಯಲ್ಲಿ ನೋಡಿ ಇಳಿಜಾರು ಯಾವ ಕಡೆ, ಬಿಸಿಲು ಯಾವ ಕಡೆ ಎಂದು ಊಹಿಸಬೇಕು. ಅನುಮಾನ ಬಂದರೆ ಫ್ಯಾಕ್ಸ್ ಕಳಿಸಬೇಕು. ಪಂಚಾಯ್ತಿ ಆಫೀಸುಗಳು ವಾರಕ್ಕೆ ಒಂದೋ ಎರಡೋ ಮಧ್ಯಾಹ್ನ ತೆರೆಯುತ್ತಿದ್ದವು, ಗುಮಾಸ್ತ ಹಸುವಿನ ಹಾಲು ಕರೆದು ಬಂದು ಉತ್ತರ ಬರೆಯಬೇಕು. ಎಷ್ಟೋ ಸಲ ಉತ್ತರ ಬರುವಷ್ಟರಲ್ಲಿ ನಾನು ಪ್ರಶ್ನೆಯನ್ನೇ ಮರೆತಿರುತ್ತಿದ್ದೆ. ಸಂಜೆ ನಾಲ್ಕುನೂರಾ ಒಂದನೇ ಹೆದ್ದಾರಿಯಲ್ಲಿ ಬಸವನ ಹುಳುವಿನಂತೆ ಮನೆಗೆ ಹೋಗುವಾಗ ತಲೆಯಲ್ಲಿ ಮಾತ್ರ ಆಲ್ಪ್ಸ್ ಪರ್ವತದ ತಿರುವುಗಳು ಸುತ್ತುತ್ತಿದ್ದವು.

ಆಮೇಲೆ ಸಿ.ಡಿ. ಬಂತು. ಎಲ್ಲ ಊರುಗಳನ್ನೂ ಕಂಪ್ಯೂಟರಿಗೆ ಹಾಕಿದರೆ ವಾಕ್ಯಗಳನ್ನು ಅದೇ ಬರೆಯುತ್ತದೆ ಎಂದು ಹೊರಗಿನ ಕಂಪನಿಯವರು ಬಂದು ತೋರಿಸಿದರು. ನಾವು ಕೊಟ್ಟ ಅಂಕಿಗಳನ್ನು ಅವರು ತುಂಬುವಾಗ ಎತ್ತರದ ಕಾಲಮ್ಮಿಗೆ ಜನಸಂಖ್ಯೆ ಹೋಯಿತು, ಜನಸಂಖ್ಯೆಯ ಕಾಲಮ್ಮಿಗೆ ಎತ್ತರ ಹೋಯಿತು. ಮಾದರಿಗೆಂದು ಒಂದು ಸಿ.ಡಿ.ಯನ್ನು ಪರಿಚಯದ ಶಾಲಾ ಶಿಕ್ಷಕಿಗೆ ಕೊಟ್ಟಿದ್ದೆವು. ಜ್ಯೂರಿಖ್ ನಗರ ಎವರೆಸ್ಟಿಗಿಂತ ಬಹಳ ಎತ್ತರ ಇದೆಯಂತೆ, ಮಕ್ಕಳಿಗೆ ತುಂಬ ಖುಷಿಯಾಗಿದೆ ಎಂದು ಅವರು ಫೋನ್ ಮಾಡಿದರು. ಇನ್ನೊಂದು ಕಡೆ, ಮನುಷ್ಯರು ಹತ್ತುವುದೇ ಕಷ್ಟವಾದ ಹಳ್ಳಿಗಳಲ್ಲೆಲ್ಲ ಜನ ಕಿಕ್ಕಿರಿದಿದ್ದರು. ನಾವು ನಕ್ಕೆವು, ಡಗ್ಲಸ್ ನಗಲಿಲ್ಲ. ಅಂಕಿಗೆ ತಾನು ಏನೆಂಬುದು ಗೊತ್ತಿರುವುದಿಲ್ಲ, ಅದನ್ನು ನೋಡಿಕೊಳ್ಳಲಿಕ್ಕೇ ನಿಮಗೆ ಸಂಬಳ ಎಂದರು. ಎರಡು ವಾರ ಕೂತು ಎಲ್ಲವನ್ನೂ ಸರಿ ಮಾಡಿದೆವು.

ಹೊಸ ಶತಮಾನ ಬರುವ ಹೊತ್ತಿಗೆ ಡಗ್ಲಸ್ ನಿವೃತ್ತರಾಗಿ ತಮ್ಮ ಕರಾವಳಿಗೆ ಹೋದರು. ಅವರ ಜಾಗಕ್ಕೆ ಬ್ರೆಂಟ್ ಬಂದ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು, ಸಾಫ್ಟ್‌ವೇರ್ ಕಂಪನಿಯಿಂದ ಬಂದವನು. ಕೆಟ್ಟವನಲ್ಲ. ಡ್ರಾಯರುಗಳನ್ನು ತೆಗೆಸಿದ, ನಮ್ಮ ಕುರ್ಚಿಗಳನ್ನು ಬದಲಿಸಿದ, ಕೆಲಸ ಎಷ್ಟೋ ಸುಲಭವಾಯಿತು. ಅವನಿಗೆ ಬೇಕಿದ್ದದ್ದು ನಿಯಮ. ಸ್ವಿಟ್ಜರ್ಲೆಂಡಿನಲ್ಲಿ ಆಗ ಸಣ್ಣ ಪಂಚಾಯ್ತಿಗಳು ಖರ್ಚು ತೂಗಿಸಲಾಗದೆ ಒಂದಕ್ಕೊಂದು ಸೇರಿಕೊಳ್ಳುತ್ತಿದ್ದವು. ಸೇರಿದ ಹಳ್ಳಿಗೆ ಮುಂದೆ ಪ್ರತ್ಯೇಕ ಅಂಕಿ ಸಿಗುತ್ತಿರಲಿಲ್ಲ. ಬ್ರೆಂಟ್ ನಿಯಮ ಮಾಡಿದ: ಈಗ ಚಾಲ್ತಿಯಲ್ಲಿರುವ ಪಂಚಾಯ್ತಿಗಳಷ್ಟೇ ಡೇಟಾಬೇಸಿನಲ್ಲಿರಬೇಕು, ಉಳಿದವು ಬೇಡ. ಹೊಸ ಆವೃತ್ತಿಯಲ್ಲಿ ಹಾಗೆ ಬಹಳ ಹಳ್ಳಿಗಳು ಹೋದವು. ಅವುಗಳಲ್ಲಿ ಓಬರ್‌ಮಾಟ್ ಒಂದು.

ಓಬರ್‌ಮಾಟ್ ನನಗೆ ನೆನಪಿತ್ತು, ಅದರ ನಕಾಶೆ ವಿಚಿತ್ರವಾಗಿತ್ತು. ಬೆಟ್ಟದ ಹೊಟ್ಟೆಯಲ್ಲಿ ಒಂದು ಹಲಗೆ ಇಟ್ಟಂತೆ ಸ್ವಲ್ಪ ಸಮತಟ್ಟು ಜಾಗ, ನಡುವೆ ಆಳವಾದ ಕೊರಕಲು, ಆಚೆ ಈಚೆ ಮನೆಗಳು. ಈಚೆ ಚರ್ಚು, ಆಚೆ ಮರ ಕೊಯ್ಯುವ ಗಿರಣಿ. ಮೇಲೆ ಕಾಡು, ಅದರ ಮೇಲೆ ಬೇಸಿಗೆಯಲ್ಲಿ ಹಸು ಮೇಯುವ ಹುಲ್ಲು, ಆಮೇಲೆ ಬಂಡೆ. ಕಣಿವೆಯ ಪಟ್ಟಣದ ಜೊತೆ ಸೇರಿಕೊಳ್ಳಲು ಊರಿನವರೇ ಕೈ ಎತ್ತಿ ಒಪ್ಪಿದ್ದರು.

ಒಂದು ದಿನ ರಿಸೆಪ್ಶನ್ನಿನಿಂದ ನನಗೆ ಫೋನ್ ಕೊಟ್ಟರು. ದೂರುಗಳೆಲ್ಲ ನನಗೇ ಬರುತ್ತಿದ್ದವು. ಆ ಕಡೆ ವಯಸ್ಸಾದ ಹೆಂಗಸಿನ ದನಿ, ಜರ್ಮನ್ ಉಚ್ಚಾರಣೆಯ ಇಂಗ್ಲಿಷ್. ನನ್ನ ಹೆಸರು ವ್ರೇನಿ, ಮಿಸಿಸಾಗಾದ ಎರಿನ್ ಮಿಲ್ಸ್‌ನಲ್ಲಿ ಇದ್ದೇನೆ ಎಂದರು. ಮೊಮ್ಮಗಳಿಗೆ ಹಳೆಯ ಅಟ್ಲಾಸಿನಲ್ಲಿ ತಾನು ಹುಟ್ಟಿದ ಊರು ತೋರಿಸಿದ್ದರಂತೆ. ಹೊಸದರಲ್ಲಿ ಆ ಹುಡುಗಿ ಹುಡುಕಿದರೆ ಊರೇ ಇಲ್ಲ.

ನಾನು ಪಂಚಾಯ್ತಿ ಸೇರಿಕೊಂಡ ವಿಷಯ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

‘ಆಫೀಸು ಕೆಳಗೆ ಹೋಗಿರಬಹುದು. ಬೆಟ್ಟ ಕೆಳಗೆ ಹೋಗಿಲ್ಲವಲ್ಲ’ ಎಂದರು.

ಮುಂದಿನ ವಾರ ಮಿಸಿಸಾಗಾದ ಕಡೆ ಹೋಗುವ ಕೆಲಸವಿತ್ತು, ಅವರನ್ನು ಭೇಟಿಯಾದೆ. ಮಾಲಿನ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಮಗಳ ಮನೆ ಹತ್ತಿರವೇ ಇತ್ತು. ಓಬರ್‌ಮಾಟ್‌ನಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಇದ್ದ ಒಬ್ಬ ತಮ್ಮನೂ ಮನೆ ಮಾರಿ ನಗರ ಸೇರಿ, ಆಮೇಲೆ ಸತ್ತಿದ್ದ. ಇಷ್ಟು ವರ್ಷಗಳಲ್ಲಿ ಇವರೂ ಹೋಗಿರಲಿಲ್ಲ. ಯಾರ ಬಾಗಿಲು ಬಡಿಯಲಿ ಎಂದರು.

ಮತ್ತೆ ಅವರು ಹೇಳಿದ್ದು ನನಗೆ ಹೊಸ ವಿಷಯ. ಅವರ ದೇಶದ ಕಾಗದಪತ್ರಗಳಲ್ಲಿ ಹುಟ್ಟಿದ ಊರನ್ನು ಕೇಳುವುದಿಲ್ಲವಂತೆ, ಮೂಲ ಊರನ್ನು ಬರೆಯುತ್ತಾರಂತೆ. ಅದು ತಂದೆಯ ಕಡೆಯಿಂದ ಬರುವಂಥದ್ದು. ಅವರ ಕಾಲದಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಮೂಲ ಊರು ಹೋಗಿ ಗಂಡನದು ಬರುತ್ತಿತ್ತು. ‘ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ಗಂಡನ ಅಜ್ಜನ ಊರಿದೆ. ಆ ಊರನ್ನು ನಾನೂ ನೋಡಿಲ್ಲ, ನನ್ನ ಗಂಡನೂ ನೋಡಿರಲಿಲ್ಲ. ಓಬರ್‌ಮಾಟ್ ಅಂತ ಅಚ್ಚಾಗಿದ್ದದ್ದು ನಿಮ್ಮ ಪುಸ್ತಕದಲ್ಲಿ ಮಾತ್ರ.’

ಮದುವೆಗೆ ಮುಂಚೆ ನನ್ನ ಅಡ್ಡಹೆಸರು ಲಕ್ಕುಂಡಿ. ಅಲ್ಲೇ ಹುಟ್ಟಿದೆ, ಅಲ್ಲಿನ ಕಲ್ಲುಬಾವಿಯ ಮೆಟ್ಟಿಲ ಮೇಲೆ ಆಡಿದೆ. ಮದುವೆಯಾದ ಮೇಲೆ ಅಬ್ಬಿಗೇರಿಯಾದೆ. ಅಬ್ಬಿಗೇರಿಯನ್ನು ನಮ್ಮ ಮಾವನ ತಂದೆಯೇ ಬಿಟ್ಟು ಬಂದಿದ್ದರು, ನಾನು ಆ ಊರಿನ ಬಸ್ ಸ್ಟ್ಯಾಂಡನ್ನೂ ಕಂಡಿಲ್ಲ. ಇದನ್ನು ವ್ರೇನಿಯವರಿಗೆ ಹೇಳಿದಾಗ ಅವರು ಜೋರಾಗಿ ನಕ್ಕು, ಎದ್ದು ಹೋಗಿ ಇನ್ನೊಂದು ತುಂಡು ಕೇಕ್ ತಂದಿಟ್ಟರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ‘ಹೌದಲ್ಲ, ನಾನೇ ನಿನ್ನ ಊರ ಅಳಿಸೀನಿ’ ಎಂದರು. ‘ಆ ಹುಡುಗಗ ಹೇಳು. ಮಂದಿ ಇರೋ ಜಾಗಕ್ಕ ಊರು ಅಂತಾರ, ಆಫೀಸ್ ಇರೋ ಜಾಗಕ್ಕ ಅಲ್ಲ ಅಂತ.’

ನಾನು ಬ್ರೆಂಟ್‌ಗೆ ಅದನ್ನೇ ಸ್ವಲ್ಪ ಮರ್ಯಾದೆಯಿಂದ ಹೇಳಿದೆ. ಪಂಚಾಯ್ತಿ ಒಂದು, ಊರು ಇನ್ನೊಂದು, ಎರಡಕ್ಕೂ ಬೇರೆ ಬೇರೆ ವಿಭಾಗ ಇರಲಿ ಎಂದೆ. ಅವನು ತಳ್ಳಿಹಾಕಲಿಲ್ಲ, ಯೋಚಿಸಿದ. ವಾದ ಸರಿ, ಆದರೆ ಜನಸಂಖ್ಯೆ ಬರೆಯಲು ಆಧಾರ ಎಲ್ಲಿಂದ ತರುತ್ತೀರಿ, ಆಧಾರವಿಲ್ಲದ ಊರನ್ನು ನಾನು ಅಟ್ಲಾಸಿನಲ್ಲಿ ಇಡಲಾರೆ ಎಂದ. ಅದು ನ್ಯಾಯವಾದ ಮಾತು. ಡಗ್ಲಸ್ ಇದ್ದಿದ್ದರೂ ಅದನ್ನೇ ಕೇಳುತ್ತಿದ್ದರು. ಒಂದು ಊರಿನಿಂದ ಶುರು ಮಾಡಿ ತೋರಿಸುತ್ತೇನೆ ಎಂದೆ.

ಹಳೆಯ ಫ್ಯಾಕ್ಸುಗಳಿಂದ ಓಬರ್‌ಮಾಟ್‌ನ ಗುಮಾಸ್ತನ ಹೆಸರು ನನಗೆ ಗೊತ್ತಿತ್ತು, ರೂಡಿ. ಪಂಚಾಯ್ತಿ ಹೋದ ಮೇಲೆ ಅವನು ಊರಿನ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದ. ಅವನ ಇಂಗ್ಲಿಷ್ ಫ್ಯಾಕ್ಸಿಗೆ ಸಾಕಾಗುತ್ತಿತ್ತು, ಮಾತಿಗೆ ಸಾಲದು. ಹಾಗಾಗಿ ವ್ರೇನಿಯವರನ್ನು ದುಭಾಷಿಯಾಗಿ ಕರೆದೆ. ಮಗಳು ಅವರನ್ನು ಬೆಳಿಗ್ಗೆ ಮಾರ್ಕಮ್‌ಗೆ ತಂದು ಬಿಟ್ಟಳು. ನೀಲಿ ಕೋಟು, ಮುತ್ತಿನ ಸರ, ಯಾವುದೋ ಮದುವೆಗೆ ಬಂದಂತೆ ಬಂದಿದ್ದರು. ಮೀಟಿಂಗ್ ರೂಮಿನ ಉದ್ದ ಮೇಜಿನ ನಡುವೆ ಸ್ಪೀಕರ್ ಫೋನು. ನಂಬರು ಒತ್ತುವಾಗ ಅವರು ಪರ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ರೂಡಿ ಎತ್ತಿಕೊಂಡ. ಇವರು ಎರಡು ವಾಕ್ಯ ಮಾತಾಡಿದ್ದೇ ಅವನು ತಡೆದು ಏನೋ ಕೇಳಿದ. ವ್ರೇನಿ ನನ್ನ ಕಡೆ ತಿರುಗಿ, ‘ನಮ್ಮ ಊರಿನ ಮಾತು ಆಡುವ ನೀವು ಯಾರು ಅಂತ ಕೇಳುತ್ತಿದ್ದಾನೆ’ ಎಂದರು. ಗಿರಣಿ ಮನೆಯ ವ್ರೇನಿ ಎಂದು ಅವನಿಗೆ ಹೇಳಿದರು. ಅವರು ಊರು ಬಿಟ್ಟಾಗ ರೂಡಿ ಸಣ್ಣವನು. ಅವರ ತಾಯಿ ಒಣಗಿಸಿದ ಪೇರ್ ಹಣ್ಣು ಕೊಡುತ್ತಿದ್ದದ್ದು ಮಾತ್ರ ಅವನಿಗೆ ನೆನಪಿತ್ತು.

ಊರಿನಲ್ಲಿ ಈಗ ಎಷ್ಟು ಜನ ಎಂದು ಕೇಳಿದೆ. ಲೆಕ್ಕ ಯಾರೂ ಬರೆದಿಟ್ಟಿಲ್ಲ, ಆದರೆ ಯಾರ ಮನೆಯ ಮುಂದೆ ಹಿಮ ತೆಗೆಯಬೇಕು ಎಂಬುದು ನನಗೆ ಗೊತ್ತು, ಮನೆ ಮನೆಯಾಗಿ ಹೇಳುತ್ತೇನೆ ಬರೆದುಕೊಳ್ಳಿ ಎಂದ. ಚರ್ಚಿನ ಪಕ್ಕದಿಂದ ಶುರು ಮಾಡಿದ. ಮೊದಲ ಮನೆಯಲ್ಲಿ ಗಂಡ ಹೆಂಡತಿ, ಹಸುಗಳು. ಎರಡನೆಯದರಲ್ಲಿ ವಿಧವೆ. ಅದರಾಚೆ ನಗರದಿಂದ ಬಂದು ನೆಲೆಸಿದ ಕುಂಬಾರಿಕೆ ಮಾಡುವ ಹೆಂಗಸು. ವ್ರೇನಿ ಪ್ರತಿ ಮನೆಯನ್ನೂ ಅನುವಾದಿಸುತ್ತ, ನಡುನಡುವೆ ಅದು ಯಾರ ಮನೆಯಾಗಿತ್ತು ಎಂದು ತಾವೇ ಸೇರಿಸುತ್ತ ಹೋದರು. ಬರುಬರುತ್ತ ಅವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ರೂಡಿ ಒಂದು ಮನೆ ಬಿಟ್ಟರೆ ಇವರು ತಡೆದು ಕೇಳುತ್ತಿದ್ದರು. ಅದು ಬಿದ್ದುಹೋಯಿತು ಎಂದು ಅವನು ಹೇಳುತ್ತಿದ್ದ.

ಆ ಹೊತ್ತಿಗೆ ಬ್ರೆಂಟ್ ಬಾಗಿಲು ತೆಗೆದ. ರೂಮು ಅವನಿಗೆ ಬೇಕಾಗಿತ್ತು. ಸ್ವಲ್ಪ ತಡೆಯುವಂತೆ ನಾನು ಕೈ ಸನ್ನೆ ಮಾಡಿದೆ. ಹೊರಗೆ ಹೋಗುತ್ತಾನೆ ಎಂದುಕೊಂಡರೆ ಗೋಡೆಗೆ ಒರಗಿ ನಿಂತ.

ಕೊರಕಲಿನ ಸೇತುವೆ ದಾಟಿ ಲೆಕ್ಕ ಆಚೆಯ ಬದಿಗೆ ಬಂತು. ಕೊನೆಯದು ಗಿರಣಿ ಮನೆ. ಅಲ್ಲಿ ಯಾರೂ ಇಲ್ಲ ಎಂದು ಹೇಳುತ್ತಾನೇನೋ ಎಂದು ನನಗೆ ಭಯವಿತ್ತು. ವ್ರೇನಿಯವರಿಗೂ ಇದ್ದಿರಬೇಕು, ಅವರು ತಾವಾಗಿ ಅದನ್ನು ಕೇಳಲಿಲ್ಲ. ರೂಡಿ ಉದ್ದಕ್ಕೆ ಏನೋ ಹೇಳಿದ. ಅವರು ಕಣ್ಣು ತೆರೆದರು.

‘ಶ್ರೀಲಂಕಾದ ತಮಿಳರಂತೆ. ಗಂಡ ಕಣಿವೆಯ ಚೀಸ್ ಡೈರಿಯಲ್ಲಿ ಕೆಲಸ ಮಾಡುತ್ತಾನೆ. ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ನಮ್ಮ ಬಾಲ್ಕನಿಯಲ್ಲಿ ಕೆಂಪು ಮೆಣಸಿನಕಾಯಿ ಒಣಗಿಸುತ್ತಾರಂತೆ.’

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ತಮ್ಮ ಮನೆಯಲ್ಲಿ ಬೇರೆಯವರು ಎಂಬ ಬೇಸರ ಬಂದಿದ್ದರೆ ತಪ್ಪೇನೂ ಇರಲಿಲ್ಲ. ಅವರು ಫೋನಿನ ಹತ್ತಿರ ಬಾಗಿ ಒಂದೇ ಪ್ರಶ್ನೆ ಕೇಳಿದರು. ಉತ್ತರ ಕೇಳಿ ಹಿಂದಕ್ಕೆ ಒರಗಿದರು. ಏನು ಕೇಳಿದಿರಿ ಎಂದೆ. ಬಾಗಿಲ ಮುಂದಿನ ಮರದ ತೊಟ್ಟಿಗೆ ಬೆಟ್ಟದ ನೀರು ಈಗಲೂ ಬರುತ್ತದೆಯೇ ಎಂದು ಕೇಳಿದೆ, ಬರುತ್ತದಂತೆ, ಮಕ್ಕಳು ಕಾಗದದ ದೋಣಿ ಬಿಡುತ್ತಾರಂತೆ ಎಂದರು.

ಬ್ರೆಂಟ್ ನನ್ನ ಹಾಳೆಯನ್ನು ಕೇಳಿ ತೆಗೆದುಕೊಂಡ. ಮೇಲಿಂದ ಕೆಳಗೆ ಓದಿದ. ಪಂಚಾಯ್ತಿ ಸೇರುವ ಮೊದಲಿನ ಕೊನೆಯ ಅಧಿಕೃತ ಅಂಕಿ ಎಷ್ಟಿತ್ತು ಎಂದು ಕೇಳಿದ. ಹೇಳಿದೆ. ಹತ್ತಿರ ಹತ್ತಿರವೇ ಇತ್ತು. ‘ಆಧಾರ ಅಂತ ಏನು ಬರೆಯುತ್ತೀರಿ?’ ಎಂದ.

‘ವಿಚಾರಿಸಿ ತಿಳಿದದ್ದು ಅಂತ ಬರೆಯುತ್ತೇನೆ’ ಎಂದೆ.

‘ಸರಿ, ಹಾಕಿ. ಉಳಿದ ಹಳ್ಳಿಗಳಿಗೆ ಎಷ್ಟು ದಿನ ಬೇಕು ಹೇಳಿ’ ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟ. ವ್ರೇನಿಯವರ ಕೈ ಕುಲುಕಿ, ರೂಮು ತನಗೆ ಬೇಡ, ನೀವು ಮಾತು ಮುಗಿಸಿ ಎಂದು ಬಾಗಿಲು ಹಾಕಿಕೊಂಡು ಹೋದ.

ಉಳಿದ ಹಳ್ಳಿಗಳಿಗೆ ಒಂದು ಚಳಿಗಾಲ ಹಿಡಿಯಿತು. ಅಂಚೆ ಬಸ್ಸಿನ ಡ್ರೈವರುಗಳು, ಪಾದ್ರಿಗಳು, ಒಂದು ಕಡೆ ಹಾಲಿನ ಕ್ಯಾನು ಎಣಿಸುವವನು, ಹೀಗೆ ಯಾರ್ಯಾರನ್ನೋ ಹಿಡಿದು ಕೇಳಿದೆವು. ಕೆಲವು ಊರುಗಳಲ್ಲಿ ನಿಜಕ್ಕೂ ಯಾರೂ ಇರಲಿಲ್ಲ, ಅವುಗಳಿಗೆ ಹಾಗೆಯೇ ಬರೆದೆವು. ಮುಂದಿನ ಆವೃತ್ತಿಯಲ್ಲಿ ಊರುಗಳಿಗೆ ತಮ್ಮದೇ ವಿಭಾಗ ಬಂತು. ನನ್ನ ಕೆಲಸದ ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಚಳಿಗಾಲ ಅದು. ಈಗ ಉಪಗ್ರಹದಿಂದ ಮನೆಯ ಸೂರು ಕಾಣುತ್ತದೆ, ನಮಗೆ ಆ ಅನುಕೂಲ ಇರಲಿಲ್ಲ. ಇದ್ದಿದ್ದರೆ ಸಂತೋಷವಾಗಿಯೇ ಬಳಸುತ್ತಿದ್ದೆ. ಆದರೂ ಹೊಸಬರಿಗೆ ಒಂದು ಮಾತು ಹೇಳುತ್ತೇನೆ: ಅನುಮಾನ ಬಂದಾಗ ಆ ಸೂರಿನ ಕೆಳಗಿರುವವರಿಗೆ ಒಂದು ಫೋನ್ ಮಾಡಿ.

ಮರುವರ್ಷ ಬೇಸಿಗೆಯಲ್ಲಿ ವ್ರೇನಿ ಮೊಮ್ಮಗಳನ್ನು ಕರೆದುಕೊಂಡು ಊರಿಗೆ ಹೋದರು. ರೂಡಿ ಸ್ಟೇಷನ್ನಿಗೆ ಬಂದು ಕರೆದೊಯ್ದನಂತೆ. ಕಣಿವೆಯ ಹೋಟೆಲಿನಲ್ಲಿ ರೂಮು ಕಾದಿರಿಸಿದ್ದರು. ಗಿರಣಿ ಮನೆಯ ತಮಿಳು ಅಜ್ಜಿ ಅದನ್ನು ಒಪ್ಪಲಿಲ್ಲ. ಇಬ್ಬರಿಗೂ ಗೊತ್ತಿದ್ದ ಭಾಷೆ ಒಂದೂ ಇರಲಿಲ್ಲ, ಸೂಟ್‌ಕೇಸನ್ನು ಅಜ್ಜಿಯೇ ಎಳೆದುಕೊಂಡು ಒಳಗೆ ಹೋದಳಂತೆ.

ಹಿಂದಿರುಗಿದ ಮೇಲೆ ವ್ರೇನಿ ನಮ್ಮ ವಿಟ್ಬಿಯ ಮನೆಗೆ ಊಟಕ್ಕೆ ಬಂದಿದ್ದರು. ನಮ್ಮವರು ಜೋಳದ ರೊಟ್ಟಿ ಮುರಿಯುವುದನ್ನು ಅವರಿಗೆ ಕಲಿಸುತ್ತಿದ್ದರು. ಬದನೆಕಾಯಿ ಪಲ್ಯದ ಖಾರ ಅವರಿಗೆ ಏನೂ ಅನ್ನಿಸಲಿಲ್ಲ, ಓಬರ್‌ಮಾಟ್‌ನಲ್ಲಿ ಅಭ್ಯಾಸವಾಗಿದೆ ಎಂದರು. ತಾವು ಹುಡುಗಿಯಾಗಿದ್ದಾಗ ಮಲಗುತ್ತಿದ್ದ ಕೋಣೆಯಲ್ಲೇ ಹಾಸಿಗೆ ಹಾಕಿಕೊಟ್ಟಿದ್ದರಂತೆ. ಮನೆ ಹೇಗಿತ್ತು, ಬಹಳ ಬದಲಾಗಿದೆಯೇ ಎಂದು ನಾನು ಕೇಳಿದೆ.

ಅವರು ರೊಟ್ಟಿಯ ಇನ್ನೊಂದು ತುಂಡು ಮುರಿದರು.

‘ಬೆಚ್ಚಗಿತ್ತು. ನಾವಿದ್ದ ಕಾಲದಲ್ಲಿ ಆ ಮನೆ ಒಂದು ದಿನವೂ ಬೆಚ್ಚಗಿರಲಿಲ್ಲ.’